ಕಡೇ ಮಗುವಿಗೂ 18 ತುಂಬಿದಾಗ

ದೊಡ್ಡ ಮಗುವಿಗೆ 18 ತುಂಬಿದ್ದು ಮನೆಯಲ್ಲಿ ಅಷ್ಟಾಗಿ ಗೊತ್ತಾಗೋದಿಲ್ಲ. ಅದರ ಹಿಂದೆ ಇನ್ನೊಂದು ಇರುತ್ತೆ, ಅದರ ಟಿಫನ್ ಬಾಕ್ಸು, ಫೀಸು, ಸ್ಕೂಲ್ ವ್ಯಾನು ಎಲ್ಲ ಹಾಗೇ ನಡೀತಾ ಇರುತ್ತೆ. ಕಡೇ ಮಗುವಿನ ವಿಷಯ ಬೇರೆ. ವರ್ಷಾನುಗಟ್ಟಲೆ ಬೆಳಗ್ಗೆ ಐದೂವರೆಗೆ ಏಳೋದಕ್ಕೆ ಇದ್ದ ಕಾರಣವೇ ಒಂದು ದಿನ ಇಲ್ಲವಾಗುತ್ತೆ. ನಮ್ಮ ರಾಜ್ಯದಲ್ಲಿ ಈ ಹುಟ್ಟುಹಬ್ಬ ಬರೋದು ಬಹುತೇಕ ಸೆಕೆಂಡ್ ಪಿಯುಸಿ ಆಸುಪಾಸಿನಲ್ಲೇ. ಎರಡು ವರ್ಷ ಮನೆಯಿಡೀ ಪಿಯುಸಿ ಮಗುವಿನ ಟೈಮ್‌ಟೇಬಲ್ಲಿಗೆ ತಕ್ಕಂತೆ ಓಡಿರುತ್ತೆ. ಟಿವಿ ಬಂದ್, ಮದುವೆ ಮುಂಜಿಗೆ ಮನೆಯಿಂದ ಒಬ್ಬರೇ, ಸಂಜೆ ಟ್ಯೂಷನ್ನಿಗೆ ಬಿಡೋದು, ಕರ್ಕೊಂಡು ಬರೋದು. ಆಮೇಲೆ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್, ಕೆಇಎ ಆಪ್ಷನ್ ಎಂಟ್ರಿ, ಸೀಟು, ಹಾಸ್ಟೆಲ್. ಅಷ್ಟೂ ದಿನ ಬೇಜಾರು ಮಾಡ್ಕೊಳ್ಳೋಕೂ ಪುರುಸೊತ್ತಿರೋದಿಲ್ಲ. ಹಾಸ್ಟೆಲಿಗೆ ಬಿಟ್ಟು ಬಂದು ಮೂರ್ನಾಲ್ಕು ದಿನ ಕಳೆದ ಮೇಲೆ, ಮಾಡೋಕೆ ಇನ್ನೇನೂ ಉಳಿದಿಲ್ಲ ಅನ್ನೋದು ಅರಿವಿಗೆ ಬಂದಾಗ, ಎದೆ ಹಿಂಡೋಕೆ ಶುರುವಾಗುತ್ತೆ.

ಹಾಗೆ ಬರೋದು ಬರೀ ದುಃಖ ಅಂತ ಹೇಳೋ ಹಾಗಿಲ್ಲ. ಹೆಮ್ಮೆ ಇರುತ್ತೆ, ಸದ್ಯ ಒಂದು ಹೊರೆ ಇಳೀತಲ್ಲ ಅನ್ನೋ ಹಗುರ ಇರುತ್ತೆ, ಹಗುರ ಅನ್ನಿಸಿದ್ದಕ್ಕೇ ಪಾಪಪ್ರಜ್ಞೆ ಇರುತ್ತೆ, ಇನ್ನು ನನ್ನ ಅಗತ್ಯ ಯಾರಿಗೂ ಇಲ್ಲ ಅನ್ನೋ ಕಳವಳ ಇರುತ್ತೆ. ಅಮ್ಮಂದಿರಿಗೆ ಸಂತೆಯಲ್ಲಿ ಬೆಂಡೆಕಾಯಿ ಆರಿಸೋವಾಗ ಕಣ್ಣು ತುಂಬುತ್ತೆ, ಯಾಕೆಂದರೆ ಮನೆಯಲ್ಲಿ ಬೆಂಡೆಕಾಯಿ ತಿನ್ನೋದು ಅವನೊಬ್ಬನೇ. ಅಪ್ಪಂದಿರು ಬಾಯಿಬಿಟ್ಟು ಹೇಳೋದಿಲ್ಲ. ಕೇಳದೇ ಇದ್ದರೂ ದುಡ್ಡು ಹಾಕ್ತಾರೆ, ಮಗಳ ಸ್ಕೂಟಿಯನ್ನ ಸರ್ವಿಸ್‌ಗೆ ಕೊಟ್ಟು ಬರ್ತಾರೆ. ಇದೆಲ್ಲ ಸಹಜ, ಯಾವುದೂ ಕಾಯಿಲೆಯಲ್ಲ. ತೊಂದರೆ ಶುರುವಾಗೋದು ಈ ಸಂಕಟ ಹಿಡಿತವಾಗಿ ತಿರುಗಿದಾಗ. ಮಗುವನ್ನ ಬಿಡಲಾಗದ ಮನಸ್ಸು ಅದರ ಪಾಸ್‌ವರ್ಡು, ಪಾಸ್‌ಬುಕ್ಕು, ಲೊಕೇಷನ್ನು, ಊಟದ ಸಮಯ ಎಲ್ಲವನ್ನೂ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಕಾನೂನು ಒಂದೇ ದಿನದಲ್ಲಿ ಅಪ್ಪ ಅಮ್ಮನ ಅಧಿಕಾರ ತೆಗೆದುಬಿಡುತ್ತೆ, 1875ರ ವಯಸ್ಕತ್ವ ಕಾಯ್ದೆಯ ಲೆಕ್ಕದಲ್ಲಿ 18 ತುಂಬಿದರೆ ಮುಗೀತು. ಕೈಗೆ ಅದು ಒಂದೇ ದಿನದಲ್ಲಿ ಅಭ್ಯಾಸವಾಗೋದಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: 17 ತುಂಬಿದಾಗಿನಿಂದಲೇ ಕೆಲಸಗಳನ್ನ ಒಂದೊಂದಾಗಿ ಮಗುವಿನ ಕೈಗೆ ದಾಟಿಸ್ತಾ ಬರಬೇಕು. ಕಾಗದಪತ್ರ ಅದಕ್ಕೆ ಒಳ್ಳೇ ದಾರಿ, ಯಾಕೆಂದರೆ ಅದನ್ನ ಹೇಗಿದ್ದರೂ ಮಾಡಲೇಬೇಕು.

ಮೊದಲು ಆಧಾರ್. 15 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ, ಫೋಟೋ ಹೊಸದಾಗಿ ಕೊಡಬೇಕು. ಎಸ್‌ಎಸ್‌ಎಲ್‌ಸಿ, ಪಿಯುಸಿ ಗಡಿಬಿಡಿಯಲ್ಲಿ ಎಷ್ಟೋ ಮನೆಗಳಲ್ಲಿ ಇದು ಬಿಟ್ಟುಹೋಗಿರುತ್ತೆ. ಐದನೇ ವಯಸ್ಸಿನಲ್ಲಿ ಕೊಟ್ಟ ಬೆರಳಚ್ಚು ಈಗಿನ ಬೆರಳಿಗೆ ಹೊಂದೋದಿಲ್ಲ, ಸಿಮ್ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಮಿಷನ್ ಮೇಲೆ ಹೆಬ್ಬೆಟ್ಟು ಎಷ್ಟು ಸಲ ಒತ್ತಿದರೂ ಆಗೋದಿಲ್ಲ ಅನ್ನುತ್ತೆ. ಎರಡನೇದು ಆಧಾರ್‌ಗೆ ಜೋಡಿಸಿರೋ ಮೊಬೈಲ್ ನಂಬರು. ಸಾಮಾನ್ಯವಾಗಿ ಅದು ಅಪ್ಪನದಾಗಿರುತ್ತೆ. ಮಗು ಇನ್ನೊಂದು ಊರಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕ್ತಾ ಕೂತಿರುತ್ತೆ, ಓಟಿಪಿ ಇಲ್ಲಿ ಆಫೀಸಿನಲ್ಲಿ ಅಪ್ಪನ ಫೋನಿಗೆ ಬರುತ್ತೆ. ಅಪ್ಪ ಮೀಟಿಂಗಿನಲ್ಲಿದ್ದರೆ ಹತ್ತು ನಿಮಿಷ ಮುಗಿದು ಅರ್ಜಿ ಮತ್ತೆ ಮೊದಲಿಂದ. ನಿಜ ಹೇಳಬೇಕೆಂದರೆ ಕೆಲವು ಅಪ್ಪಂದಿರಿಗೆ ಆ ಓಟಿಪಿ ಕೇಳೋ ಫೋನು ಇಷ್ಟ, ಆ ನೆಪಕ್ಕಾದರೂ ಮಗು ಮಾತಾಡುತ್ತೆ ಅಂತ. ಅರ್ಥವಾಗುತ್ತೆ. ಆದರೂ ಮಗುವಿನ ಹೆಸರಲ್ಲೇ ಸಿಮ್ ತಗೊಂಡು, ಆಧಾರ್ ಕೇಂದ್ರದಲ್ಲಿ ಆ ನಂಬರು ಹಾಕಿಸಿ.

ಇನ್ನು ಹೆಸರು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿರುತ್ತೆ, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೀಬೇಕಾದ್ದರಿಂದ ಅಲ್ಲಿ ಊರ ಹೆಸರೂ ಬಂದಿರುತ್ತೆ. ಮೂರು ಕಡೆ ಮೂರು ಹೆಸರು. ಇದರಲ್ಲಿ ಬದಲಾಯಿಸೋಕೆ ಎಲ್ಲಕ್ಕಿಂತ ಕಷ್ಟವಾದದ್ದು ಅಂಕಪಟ್ಟಿ, ಹಾಗಾಗಿ ಅದನ್ನೇ ಆಧಾರವಾಗಿಟ್ಟುಕೊಂಡು ಮಿಕ್ಕವನ್ನ ಅದಕ್ಕೆ ಹತ್ತಿರ ತನ್ನಿ. ಕೆಲಸಕ್ಕೆ ಸೇರೋವಾಗ, ಪಾಸ್‌ಪೋರ್ಟಿಗೆ ಓಡಾಡೋವಾಗ ಈಗ ಪಟ್ಟ ಶ್ರಮ ನೆನಪಾಗುತ್ತೆ.

ಚಿಕ್ಕವರಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಫೋಟೋನೂ ಇರೋದಿಲ್ಲ, ಸಹಿಯೂ ಇರೋದಿಲ್ಲ. 18 ಆದ ಮೇಲೆ ತಿದ್ದುಪಡಿ ಅರ್ಜಿ ಕೊಟ್ಟರೆ ಅದೇ ನಂಬರಿನ ಹೊಸ ಕಾರ್ಡು ಬರುತ್ತೆ. ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ, ಒಬ್ಬರಿಗೆ ಎರಡು ನಂಬರು ಇರೋ ಹಾಗಿಲ್ಲ. ಪ್ಯಾನ್ ಆದ ಮೇಲೆ ಬ್ಯಾಂಕು. ಗಾರ್ಡಿಯನ್ ಸಹಿಯಲ್ಲಿ ನಡೀತಿದ್ದ ಖಾತೆಯಿಂದ 18ರ ನಂತರ ದುಡ್ಡು ತೆಗೆಯೋಕೆ ಬರೋದಿಲ್ಲ, ಮಗು ತಾನೇ ಹೋಗಿ ಹೊಸದಾಗಿ ಕೆವೈಸಿ ಮತ್ತು ಮಾದರಿ ಸಹಿ ಕೊಡಬೇಕು. ಹಾಸ್ಟೆಲ್ ಫೀಸು ಕಟ್ಟೋ ವಾರದಲ್ಲೇ ಖಾತೆ ನಿಂತುಹೋದದ್ದು ಗೊತ್ತಾದರೆ ಒದ್ದಾಟ. ಹುಟ್ಟುಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಶಾಖೆಯಲ್ಲಿ ಯಾವ ಫಾರ್ಮು ಅಂತ ಕೇಳಿಟ್ಟುಕೊಳ್ಳಿ.

ಆ ಮಾದರಿ ಸಹಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕೌಂಟರಿನವರು ಫಾರ್ಮನ್ನ ಅಭ್ಯಾಸಬಲದಿಂದ ಅಪ್ಪನ ಕಡೆಗೇ ನೂಕ್ತಾರೆ, ಅಪ್ಪನೂ ಅಭ್ಯಾಸಬಲದಿಂದ ಜೇಬಿನಿಂದ ಪೆನ್ನು ತೆಗೀತಾನೆ. ಆ ಪೆನ್ನನ್ನ ಮಗುವಿಗೆ ಕೊಟ್ಟು ಒಂದು ಹೆಜ್ಜೆ ಹಿಂದೆ ನಿಲ್ಲೋದು ಇಡೀ ವರ್ಷದಲ್ಲಿ ಅತಿ ಕಷ್ಟದ ಕೆಲಸ. ಪಿಯುಸಿ ಮುಗಿಸಿದ ಮಕ್ಕಳಿಗೆ ಸಹಿ ಇನ್ನೂ ಕೂತಿರೋದಿಲ್ಲ. ಮೊದಲನೇ ಚೌಕದಲ್ಲಿ ಹೆಸರು ಬಿಡಿಬಿಡಿಯಾಗಿ ಬರೀತಾರೆ, ಎರಡನೇದರಲ್ಲಿ ಕೆಳಗೊಂದು ಗೆರೆ ಸೇರಿಸ್ತಾರೆ, ಮೂರನೇದು ಬೇರೆಯೇ ಆಗಿರುತ್ತೆ. ಆರು ತಿಂಗಳ ಮೇಲೆ ಚೆಕ್ ವಾಪಸ್ ಬರೋದು ಇದರಿಂದಲೇ. ಪ್ಯಾನ್ ಅರ್ಜಿಗೆ ಮುಂಚೆಯೇ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದು ಕೈಗೆ ಕೂರಿಸ್ಕೊಳ್ಳೋಕೆ ಹೇಳಿ. ಕನ್ನಡದಲ್ಲಿ ಸಹಿ ಮಾಡೋದಾದರೆ ತುಂಬಾ ಸಂತೋಷ, ಎಲ್ಲ ಕಡೆ ಕನ್ನಡದಲ್ಲೇ ಇರಲಿ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಆದರೆ ತಾಳೆಯಾಗೋದಿಲ್ಲ.

ಮಗುವಿನ ಹೆಸರಲ್ಲಿ ಮ್ಯೂಚುವಲ್ ಫಂಡ್ ಇದ್ದರೆ 18 ತುಂಬಿದ ದಿನದಿಂದ ಎಸ್‌ಐಪಿ, ಅಂದರೆ ತಿಂಗಳ ಕಂತು, ನಿಲ್ಲುತ್ತೆ, ಮೈನರ್‌ನಿಂದ ಮೇಜರ್‌ಗೆ ಬದಲಾಯಿಸೋವರೆಗೂ ಹಣ ವಾಪಸ್ ತೆಗೆಯೋಕೂ ಆಗೋದಿಲ್ಲ. ಅದಕ್ಕೆ ಪ್ಯಾನ್, ಕೆವೈಸಿ, ಮಗುವಿನದೇ ಬ್ಯಾಂಕ್ ಖಾತೆ, ಬ್ಯಾಂಕಿನವರು ದೃಢೀಕರಿಸಿದ ಸಹಿ ಬೇಕು. ಅದಕ್ಕೇ ಇದನ್ನ ಕೊನೆಗೆ ಇಟ್ಟುಕೊಳ್ಳಬೇಕು, ಆಧಾರ್, ಪ್ಯಾನ್, ಬ್ಯಾಂಕು ಮೂರೂ ಆಗದೇ ಇದು ಆಗೋದಿಲ್ಲ. ಸುಕನ್ಯಾ ಸಮೃದ್ಧಿ ಖಾತೆಯನ್ನೂ 18ರಿಂದ ಮಗಳೇ ನಡೆಸಬೇಕು. ಖಾತೆ ತೆರೆದು 21 ವರ್ಷಕ್ಕೆ ಅದು ಪಕ್ವವಾಗೋದು, ಆದರೆ ಓದಿನ ಖರ್ಚಿಗೆ ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಮೊತ್ತದ 50% ವರೆಗೆ ತೆಗೀಬಹುದು, ಕಾಲೇಜಿನ ಅಡ್ಮಿಷನ್ ಪತ್ರ, ಫೀಸಿನ ಚೀಟಿ ತೋರಿಸಬೇಕು. ಪಿಪಿಎಫ್‌ನಲ್ಲಿ ಇಷ್ಟು ದಿನ ನಿಮ್ಮದೂ ಮಗುವಿನದೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇತ್ತು, ಇನ್ನು ಮುಂದೆ ಮಗುವಿಗೆ ಬೇರೆ ಮಿತಿ. ಮಗುವಿನ ಠೇವಣಿಯ ಬಡ್ಡಿಯೂ ನಿಮ್ಮ ಆದಾಯಕ್ಕೆ ಸೇರೋದು ನಿಲ್ಲುತ್ತೆ.

ನಿಮ್ಮ ಕಡೆಯ ಕಾಗದಗಳನ್ನೂ ತೆಗೆದು ನೋಡಿ. ವಿಮೆ ಪಾಲಿಸಿಯಲ್ಲಿ ನಾಮಿನಿ ಮೈನರ್ ಅಂತ ಅವರ ಪರವಾಗಿ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಅಪಾಯಿಂಟಿ ಮಾಡಿರ್ತೀರಿ, ಅದಿನ್ನು ಬೇಕಿಲ್ಲ. ಕಡೇ ಮಗು ಹುಟ್ಟೋಕೆ ಮುಂಚಿನ ಪಾಲಿಸಿಗಳಲ್ಲಿ ಆ ಮಗುವಿನ ಹೆಸರೇ ಇರೋದಿಲ್ಲ, ಅದನ್ನೂ ನೋಡ್ಕೊಳ್ಳಿ. ಕುಟುಂಬದ ಆರೋಗ್ಯ ವಿಮೆಯಲ್ಲಿ ಬಹುತೇಕ ಕಡೆ 25ರ ತನಕ ಮಕ್ಕಳು ಸೇರ್ತಾರೆ, ಆದರೂ ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಓದಿ, ಕಾರ್ಡಿನ ಪ್ರತಿ ಮಗುವಿನ ಫೋನಿನಲ್ಲಿರಲಿ. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಒಪ್ಪಿಗೆ ಇನ್ನು ಮಗುವಿನದೇ. ಡಾಕ್ಟರು ಮಗುವಿನ ಮುಖ ನೋಡಿ ಮಾತಾಡ್ತಾರೆ, ಪಕ್ಕದಲ್ಲಿ ಕೂತ ಅಮ್ಮನಿಗೆ ಯಾರೋ ಹೊರಗೆ ನೂಕಿದ ಹಾಗಾಗುತ್ತೆ. ಅಲರ್ಜಿ ಏನು, ಯಾವ ಮಾತ್ರೆ ಆಗಿಬರಲ್ಲ, ರಕ್ತದ ಗುಂಪು ಯಾವುದು, ಚಿಕ್ಕಂದಿನಲ್ಲಿ ಏನಾಗಿತ್ತು ಅನ್ನೋದು ಈವರೆಗೆ ಅಮ್ಮನ ತಲೆಯಲ್ಲಿ ಮಾತ್ರ ಇರುತ್ತೆ. ಅದನ್ನ ಒಂದು ಹಾಳೆಯಲ್ಲಿ ಬರೆದು ಕೊಡಿ. ಇದಕ್ಕಿಂತ ಒಳ್ಳೇ ಹುಟ್ಟುಹಬ್ಬದ ಉಡುಗೊರೆ ನನಗೆ ತೋಚೋದಿಲ್ಲ.

ವೋಟರ್ ಪಟ್ಟಿಗೆ ಫಾರ್ಮ್ 6ನ್ನ 17 ದಾಟಿದ ಮೇಲೆ ಮುಂಚಿತವಾಗಿಯೇ ಕೊಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳನ್ನ ವಯಸ್ಸಿನ ಲೆಕ್ಕಕ್ಕೆ ಹಿಡೀತಾರೆ. ಮನೆ ವಿಳಾಸವೋ ಹಾಸ್ಟೆಲ್ ವಿಳಾಸವೋ, ಒಂದೇ ಕಡೆ ಇರಬೇಕು. ಎಲ್ಲಿ ಅನ್ನೋದನ್ನ ಮಗು ನಿರ್ಧರಿಸಲಿ. ಗಾಡಿ ವಿಷಯದಲ್ಲಿ ಮಾತ್ರ ಅವಸರ ಬೇಡ. 18ಕ್ಕೆ ಎಲ್‌ಎಲ್‌ಆರ್, ಅದಾದ 30 ದಿನದ ಮೇಲೆ ಡಿಎಲ್ ಪರೀಕ್ಷೆ, ಎಲ್‌ಎಲ್‌ಆರ್‌ನ ಆಯಸ್ಸು ಆರು ತಿಂಗಳು. 18ಕ್ಕೆ ಮುಂಚೆ ಅಪ್ಪ ಪ್ರೀತಿಯಿಂದ ಕೀ ಕೊಟ್ಟು ಮಗ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಬರೋದು ಅಪ್ಪನಿಗೆ ಅಥವಾ ಗಾಡಿ ಯಾರದೋ ಅವರಿಗೆ, ಮಗನಿಗೆ 25ರ ತನಕ ಲೈಸೆನ್ಸ್ ಸಿಗೋದಿಲ್ಲ.

ಈಗ ನಿಜವಾಗಿ ಭಯ ಪಡಬೇಕಾದ ವಿಷಯಗಳು. 18 ಆದ ಮೇಲೆ ಹಾಕಿದ ಸಹಿಗೆ ಕಾನೂನಿನ ಬೆಲೆ ಬರುತ್ತೆ, ನಿನ್ನೆಯವರೆಗೂ ಇರಲಿಲ್ಲ. ಸಾಲದ ಆಪ್‌ಗಳು, ಸ್ನೇಹಿತನ ಮೊಬೈಲ್ ಕಂತಿಗೆ ಜಾಮೀನು, ಎಲ್ಲವೂ ಈಗಿನಿಂದ ಅಂಟಿಕೊಳ್ಳುತ್ತೆ. ಇದಕ್ಕಿಂತ ಅಪಾಯದ್ದು ಖಾತೆ ಬಾಡಿಗೆ. 'ನಿನ್ನ ಅಕೌಂಟು, ಎಟಿಎಂ ಕಾರ್ಡು, ಸಿಮ್ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀವಿ' ಅಂತ ಕಾಲೇಜು ಹುಡುಗರನ್ನ ಹಿಡಿಯೋರಿದ್ದಾರೆ. ಸೈಬರ್ ವಂಚನೆಯ ದುಡ್ಡು ಆ ಖಾತೆಯಲ್ಲಿ ಹಾದುಹೋಗುತ್ತೆ, ಪೊಲೀಸರು ಬರೋದು ಖಾತೆ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ. ಇನ್ನೊಂದು, ಮಗನಿಗೆ 18 ಆಗಿ ಅವನು ಇಷ್ಟಪಡೋ ಹುಡುಗಿಗೆ 17 ಇದ್ದರೆ, ಅವಳ ಒಪ್ಪಿಗೆ ಇತ್ತು ಅನ್ನೋ ಮಾತು 18 ತುಂಬದವರನ್ನ ಲೈಂಗಿಕ ಅಪರಾಧಗಳಿಂದ ಕಾಯೋ 2012ರ ಪೋಕ್ಸೊ ಕಾಯ್ದೆಯ ಮುಂದೆ ನಿಲ್ಲೋದಿಲ್ಲ. ಈ ಮಾತಾಡೋಕೆ ಅಪ್ಪ ಅಮ್ಮನಿಗೆ ಸಂಕೋಚ ಆಗುತ್ತೆ, ಆದರೂ ಆಡಲೇಬೇಕು. ಬಸ್ಸಿನಲ್ಲೋ ಕಾರಿನಲ್ಲೋ ಪಕ್ಕಪಕ್ಕ ಕೂತು ಹೋಗೋವಾಗ ಹೇಳಿದರೆ ಎದುರುಬದುರು ಕೂರಿಸ್ಕೊಂಡು ಹೇಳೋದಕ್ಕಿಂತ ಸಲೀಸು. ಆಸ್ತಿಯ ವಿಷಯದಲ್ಲಿ ಕಹಿಯಾದ ಒಂದು ಮಾತು: ಮಗಳಿಗೆ 18 ಆಗೋದನ್ನೇ ಕಾದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋ ಮನೆಗಳಿವೆ. ಕರ್ನಾಟಕದಲ್ಲಿ 1994ರಿಂದಲೇ, ದೇಶಕ್ಕೆಲ್ಲ 2005ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆ. ಅವಳ ಮೊದಲ ಸಹಿ ಅದಾಗಬಾರದು.

ಫೋನು. ಅಮ್ಮಂದಿರ ಫೋನು ಎಲ್ಲಿ ಕೆಡುತ್ತೆ ಅಂತ ಗಮನಿಸಿ ನೋಡಿ. 'ಎದ್ಯಾ? ತಿಂಡಿ ಏನು? ಸ್ನಾನ ಆಯ್ತಾ? ಯಾಕೆ ದನಿ ಹಾಗಿದೆ? ಯಾರು ಪಕ್ಕದಲ್ಲಿ?' ಒಂದೇ ಉಸಿರಿಗೆ ಐದು ಪ್ರಶ್ನೆ. ಆ ಕಡೆಯಿಂದ 'ಹ್ಞೂಂ ಅಮ್ಮ, ಹ್ಞೂಂ, ಆಮೇಲೆ ಮಾಡ್ತೀನಿ.' ಅಮ್ಮನಿಗೆ ಅದು ಅಕ್ಕರೆ, ಮಗುವಿಗೆ ಅದು ಹಾಜರಿ. ಬದಲಿಗೆ ಮನೆಯ ಸುದ್ದಿ ಹೇಳಿ. ತೆಂಗಿನಕಾಯಿ ಕೀಳೋಕೆ ಜನ ಸಿಗಲಿಲ್ಲ, ಅಜ್ಜಿಗೆ ಕನ್ನಡಕ ಬದಲಾಯಿಸಿದ್ವಿ, ಕೆಳಗಿನ ಮನೆಗೆ ಹೊಸಬರು ಬಂದ್ರು. ಇಲ್ಲವೇ ಸಲಹೆ ಕೇಳಿ: 'ಫ್ರಿಜ್ ತಗೋಬೇಕು, ಯಾವುದು ನೋಡೋಣ ಹೇಳು.' ಮಗು ತಾನಾಗಿ ಮಾತಾಡೋಕೆ ಶುರು ಮಾಡುತ್ತೆ. ಸಮಯವೂ ಮುಖ್ಯ. ಹಾಸ್ಟೆಲ್ ಮೆಸ್ ಹೊತ್ತಿನಲ್ಲಿ, ಸ್ನೇಹಿತರ ಮಧ್ಯೆ ಕೂತಾಗ, ಇಂಟರ್ನಲ್ಸ್ ಹಿಂದಿನ ರಾತ್ರಿ ಬೇಡ. ಭಾನುವಾರ ಒಂದು ದೊಡ್ಡ ಫೋನು, ಮಧ್ಯೆ ಒಂದೆರಡು ಮೆಸೇಜು ಅಂತ ಮೊದಲೇ ಮಾತಾಡ್ಕೊಂಡರೆ ಇಬ್ಬರಿಗೂ ನೆಮ್ಮದಿ. ಲೊಕೇಷನ್ ಹಂಚಿಕೊಳ್ಳೋದು ಬೇಕಿದ್ದರೆ ಕೇಳಿ, ಒಪ್ಪಿದರೆ ಮಾತ್ರ. ಗುಟ್ಟಾಗಿ ಹಾಕಿದ್ದು ಗೊತ್ತಾದ ದಿನ ಫೋನ್ ರೂಮಲ್ಲೇ ಬಿಟ್ಟು ಹೊರಗೆ ಹೋಗೋದನ್ನ ಕಲೀತಾರೆ, ಆಗ ನಿಜಕ್ಕೂ ಬೇಕಾದ ಹೊತ್ತಿಗೆ ಸಿಗೋದಿಲ್ಲ.

ದುಡ್ಡನ್ನ ತಿಂಗಳಿಗೊಂದು ಸಲ, ಒಂದೇ ತಾರೀಕಿಗೆ, ಮಗುವಿನ ಖಾತೆಗೇ ಹಾಕಿ. ವಾರ ವಾರ ಐನೂರು ಐನೂರು ಹಾಕಿದರೆ ಲೆಕ್ಕ ಕಲಿಯೋದು ನೀವೇ. ಮೊದಲ ತಿಂಗಳು 20ನೇ ತಾರೀಕಿಗೆ ಖಾಲಿಯಾಗುತ್ತೆ, ಅದು ಸಹಜ. ಊಟ, ಔಷಧಿ, ಬಸ್ಸಿಗೆ ಕೊಡಿ, ಉಳಿದದ್ದು ಮುಂದಿನ ತಿಂಗಳು.

ಮನೆಯೊಳಗೆ ಈ ಖಾಲಿತನ ಮೊದಲು ಸಿಗೋದು ಅಡಿಗೆಮನೆಯಲ್ಲಿ. ನಾಲ್ಕು ಜನಕ್ಕೆ ಪಳಗಿದ ಕೈ ಇಬ್ಬರಿಗೆ ಅಳತೆ ಇಳಿಸೋಕೆ ಒಪ್ಪೋದಿಲ್ಲ. ಒಂದು ವಾರ ಹುಳಿ ಮಿಗುತ್ತೆ, ಫ್ರಿಜ್ ಡಬ್ಬಿಗಳಿಂದ ತುಂಬುತ್ತೆ. ಎಲ್ಲವನ್ನೂ ಅರ್ಧ ಮಾಡಿದರೂ ರುಚಿ ಕೆಡುತ್ತೆ, ಕಾರಣ ಇದೆ. ಬೇಳೆ, ಉಪ್ಪು, ಪುಡಿ ಅರ್ಧ ಆಗಬೇಕು, ನಿಂಬೆಗಾತ್ರದ ಹುಣಸೆ ನೆಲ್ಲಿಕಾಯಿ ಗಾತ್ರಕ್ಕೆ ಇಳೀಬೇಕು, ಆದರೆ ಅದೇ ಅಗಲದ ಪಾತ್ರೆಯಲ್ಲಿ ಅಷ್ಟೇ ಹೊತ್ತು ಕುದಿಸಿದರೆ ಆವಿಯಾಗಿ ಹೋಗೋ ನೀರು ಮೊದಲಿನಷ್ಟೇ. ಹಾಗಾಗಿ ನೀರು ಅರ್ಧಕ್ಕಿಂತ ಒಂದು ಸೌಟು ಜಾಸ್ತಿ ಇರಲಿ, ಇಲ್ಲವೇ ಚಿಕ್ಕ ಪಾತ್ರೆ ಇಡಿ. ಕುಕ್ಕರ್ ಒಳಗೆ ಡಬ್ಬಿ ಇಟ್ಟು ಬೇಯಿಸೋರು ತಳದ ನೀರನ್ನ ಮಾತ್ರ ಕಡಿಮೆ ಮಾಡಲೇಬಾರದು. ಅಕ್ಕಿ ಅರ್ಧ ಆಯ್ತು ಅಂತ ಆ ನೀರನ್ನೂ ಅರ್ಧ ಮಾಡಿದರೆ ತಳ ಒಣಗಿ ಸೇಫ್ಟಿ ವಾಲ್ವ್ ಹಾರುತ್ತೆ. ಐದು ಲೀಟರಿನ ಕುಕ್ಕರ್ ಎತ್ತಿಟ್ಟು ಎರಡು ಲೀಟರಿನದು ಒಂದು ತಗೊಳ್ಳಿ. ದೋಸೆಗೆ ಮೂರು ಪಾವು ಅಕ್ಕಿ, ಒಂದು ಪಾವು ಉದ್ದು ನೆನೆಸ್ತಿದ್ದ ಮನೆಯಲ್ಲಿ ಒಂದೂವರೆ ಪಾವಿಗೆ ಅರ್ಧ ಪಾವು ಸಾಕು. ಇಷ್ಟು ಕಡಿಮೆ ಉದ್ದು ದೊಡ್ಡ ಗ್ರೈಂಡರಿನಲ್ಲಿ ಕಲ್ಲಿಗೆ ಸಿಗದೆ ಪಕ್ಕಕ್ಕೆ ಮೆತ್ಕೊಳ್ಳುತ್ತೆ, ಹಿಟ್ಟು ಉಬ್ಬಿ ಬರೋದಿಲ್ಲ. ಮಿಕ್ಸಿಯಲ್ಲಿ ತಣ್ಣೀರು ಸ್ವಲ್ಪ ಸ್ವಲ್ಪ ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಿ, ಬಿಸಿಯಾದರೆ ದೋಸೆ ಗಟ್ಟಿ ಬರುತ್ತೆ. ಹಾಲಿನವರಿಗೆ ಒಂದು ಪ್ಯಾಕೆಟ್ ಕಮ್ಮಿ ಅಂತ ಹೇಳೋದನ್ನ ಬಹಳ ಮನೆಗಳಲ್ಲಿ ತಿಂಗಳಾನುಗಟ್ಟಲೆ ಮುಂದೂಡ್ತಾರೆ. ಮೊಸರು ಹುಳಿಯಾಗಿ ಚೆಲ್ಲಿದರೂ ಹೇಳೋದಿಲ್ಲ. ಆ ತಡಕ್ಕೆ ಯಾರೂ ಅವರನ್ನ ಬೈಯಬಾರದು.

ಇನ್ನೊಂದು ತುದಿಯೂ ಇದೆ. 'ಇಬ್ಬರಿಗೆ ಏನು ಮಾಡೋದು' ಅಂತ ಬೆಳಗಿನ ಸಾರನ್ನೇ ರಾತ್ರಿಗೂ ಉಣ್ಣೋದು, ಪಲ್ಯ ಬಿಡೋದು, ಕಾಳು ನೆನೆಸದೇ ಇರೋದು. ಸಕ್ಕರೆ ಕಾಯಿಲೆ, ಬಿಪಿ ಶುರುವಾಗೋ ವಯಸ್ಸಿನಲ್ಲೇ ತಟ್ಟೆ ಬಡವಾಗುತ್ತೆ. ಹೆಂಗಸರಿಗೆ ಮುಟ್ಟು ನಿಲ್ಲೋದೂ ಬಹುತೇಕ ಈ 45-50ರ ವಯಸ್ಸಿನಲ್ಲೇ. ರಾತ್ರಿ ಮೈ ಬೆವರಿ ಎಚ್ಚರವಾಗೋದು, ಸಣ್ಣದಕ್ಕೆ ಸಿಟ್ಟು, ಕಾರಣವಿಲ್ಲದ ಅಳು, ಎಲ್ಲವನ್ನೂ 'ಮಗು ಹೋಯ್ತಲ್ಲ, ಅದಕ್ಕೆ' ಅಂತ ಮನೆಯವರು ತಳ್ಳಿಹಾಕ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಒಂದು ಸಲ ನೋಡಿಸಿ, ಹೆಂಗಸರ ಡಾಕ್ಟರ ಹತ್ತಿರವೂ ಮಾತಾಡಿ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಹಸಿವು ಇಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ, ಬದುಕೇ ಬೇಡ ಅನ್ನೋ ಮಾತು ಬಂದರೆ ಒಂದು ದಿನವೂ ಕಾಯದೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಂಡಸರೂ ಮಾಡಬಹುದು, ಮಾಡಬೇಕು.

ಗಂಡ ಹೆಂಡತಿಯ ಮಧ್ಯೆ ಮಾತು ಖಾಲಿಯಾಗೋದನ್ನೂ ಹೇಳಬೇಕು. ಇಷ್ಟು ವರ್ಷ ಮಾತೆಲ್ಲ ಮಕ್ಕಳ ಮೂಲಕವೇ ನಡೆದಿರುತ್ತೆ. ಇಬ್ಬರ ದುಃಖವೂ ಒಂದೇ ವೇಗದಲ್ಲಿ ಇಳಿಯೋದಿಲ್ಲ, ಒಬ್ಬರು ಆಗಲೇ ಟ್ರಿಪ್ ಯೋಚಿಸ್ತಿರ್ತಾರೆ, ಇನ್ನೊಬ್ಬರು ಇನ್ನೂ ಮಗುವಿನ ಹಾಸಿಗೆ ಹೊದಿಕೆ ಮಡಿಸಿಟ್ಟಿರೋದಿಲ್ಲ. ಬೆಳಗಿನ ವಾಕಿಂಗ್ ಇಬ್ಬರೂ ಸೇರಿ ಶುರು ಮಾಡಿದವರಿಗೆ ಅನುಕೂಲ ಆಗಿದ್ದನ್ನ ಕಂಡಿದ್ದೀನಿ, ನಡೀತಾ ಮಾತು ತಾನಾಗಿ ಬರುತ್ತೆ. ಮಗುವಿನ ಕೋಣೆಯನ್ನ ಮೊದಲ ಸೆಮಿಸ್ಟರಿನಲ್ಲೇ ಸ್ಟೋರ್ ರೂಮು ಮಾಡಬೇಡಿ. ಪಿಯುಸಿ ಪುಸ್ತಕ, ನೋಟ್ಸ್ ಮಾತ್ರ ಮಗುವನ್ನ ಕೇಳಿ ಬೇಗ ಯಾರಿಗಾದರೂ ಕೊಡಿ, ಸಿಲಬಸ್ ಬದಲಾದರೆ ಉಪಯೋಗಕ್ಕೆ ಬರೋದಿಲ್ಲ.

ದಸರಾಕ್ಕೋ ದೀಪಾವಳಿಗೋ ಮೊದಲ ಸಲ ಮನೆಗೆ ಬಂದಾಗ ಮಗು ಹನ್ನೊಂದು ಗಂಟೆವರೆಗೆ ಮಲಗಿರುತ್ತೆ, ಫೋನಿನಲ್ಲೇ ಇರುತ್ತೆ, ಸಂಜೆ ಹಳೇ ಸ್ನೇಹಿತರ ಜೊತೆ ಹೊರಡುತ್ತೆ. ನಾಲ್ಕು ದಿನಕ್ಕೆ ನೀವು ಏಳು ನೆಂಟರ ಮನೆ ಪಟ್ಟಿ ಹಾಕಿದ್ದರೆ ಜಗಳ ಖಾತ್ರಿ. ಮೊದಲ ದಿನ ಮಲಗೋಕೆ ಬಿಡಿ, ಒಂದು ಊಟ ಮಾತ್ರ ಎಲ್ಲರೂ ಒಟ್ಟಿಗೆ ಅಂತ ಇಟ್ಟುಕೊಳ್ಳಿ. ವಾಪಸ್ ಹೊರಡೋವಾಗ ಏನು ಕಟ್ಟಿಕೊಡಲಿ ಅಂತ ಕೇಳಿ ಕಟ್ಟಿ. ಚಟ್ನಿಪುಡಿ ಒಂದು ಕೆಜಿ ಕಟ್ಟಿದರೆ ಹಾಸ್ಟೆಲ್ ಕಬೋರ್ಡಿನಲ್ಲಿ ಕೊಬ್ಬರಿ ಜಿಡ್ಡುವಾಸನೆ ಬಂದು ಕೊನೆಗೆ ಕಸಕ್ಕೆ ಹೋಗುತ್ತೆ. ಕೊಬ್ಬರಿ ಹಾಕದೆ, ಕಡಲೆಬೇಳೆ ಉದ್ದಿನಬೇಳೆ ಚೆನ್ನಾಗಿ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ನೂರು ನೂರು ಗ್ರಾಮಿನ ಎರಡು ಬಾಟಲಿ ಕೊಡಿ. ಒಂದು ಅವನಿಗೆ, ಇನ್ನೊಂದು ರೂಮ್‌ಮೇಟಿಗೆ.